ಕರಡಿಯ ಉಗುರು: ಲಂಡನ್ನಿನಿಂದ ಬನ್ನೇರುಘಟ್ಟದವರೆಗೆ

ನಮ್ಮ ಕರಡಿಗೆ ಇಂಗ್ಲಿಷಿನಲ್ಲಿ 'ಸ್ಲಾತ್ ಬೇರ್' ಅಂತ ಹೆಸರು. ಸ್ಲಾತ್ ಅಂದ್ರೆ ಸೋಮಾರಿತನ. ಹಾಗಾಗಿ ಕೆಲವರು ಇದನ್ನ 'ಸೋಮಾರಿ ಕರಡಿ' ಅಂತ ಕನ್ನಡಕ್ಕೂ ತಂದುಬಿಟ್ಟಿದ್ದಾರೆ. ಕತ್ತಲಾದ ಮೇಲೆ ಎದ್ದು, ಕಲ್ಲಿನಂತೆ ಗಟ್ಟಿಯಾದ ಹುತ್ತಗಳನ್ನ ಒಂದಾದ ಮೇಲೊಂದು ಒಡೆದು ಹೊಟ್ಟೆ ಹೊರೆಯುವ ಪ್ರಾಣಿ ಇದು. ನೈಟ್ ಶಿಫ್ಟ್ ಮಾಡೋರನ್ನ ಸೋಮಾರಿ ಅಂದ ಹಾಗಾಯ್ತು. ಅಸಲಿಗೆ ಈ ಹೆಸರು ಬಂದಿದ್ದು ಕರಡಿಯ ಸ್ವಭಾವದಿಂದಲ್ಲ, ಅದರ ಉಗುರಿನಿಂದ.

1791ರಲ್ಲಿ ಜಾರ್ಜ್ ಶಾ ಎಂಬ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಈ ಪ್ರಾಣಿಯನ್ನ ವಿಜ್ಞಾನದ ಪಟ್ಟಿಗೆ ಸೇರಿಸಿದ. ಅವನ ಗಮನ ಸೆಳೆದಿದ್ದು ಎರಡು ಸಂಗತಿ: ಬೆರಳುದ್ದದ ಕೊಕ್ಕೆಯಂಥ ಉಗುರುಗಳು ಮತ್ತು ವಿಚಿತ್ರವಾದ ಹಲ್ಲುಗಳು. ಇಂಥ ಉಗುರು ಯಾರಿಗಿದೆ? ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ, 'ಸ್ಲಾತ್' ಅಂತಲೇ ಕರೆಸಿಕೊಳ್ಳುವ ಪ್ರಾಣಿಗೆ. ಸರಿ, ಇದೂ ಅದೇ ಕುಲ ಅಂತ ತೀರ್ಮಾನಿಸಿ 'ಬ್ರಾಡಿಪಸ್ ಉರ್ಸಿನಸ್' ಅಂತ ಹೆಸರಿಟ್ಟ. ಅಂದ್ರೆ 'ಕರಡಿಯಂಥ ಸ್ಲಾತ್'.

ಎರಡೇ ವರ್ಷದಲ್ಲಿ, 1793ರಲ್ಲಿ, ಮೇಯರ್ ಎಂಬ ಇನ್ನೊಬ್ಬ ವಿಜ್ಞಾನಿ ಇದಕ್ಕೆ 'ಮೆಲರ್ಸಸ್', ಅಂದ್ರೆ ಜೇನುಕರಡಿ, ಅಂತ ಹೆಸರು ಕೊಟ್ಟ. ಆಮೇಲೆ ಬಂದವರಲ್ಲಿ ಒಬ್ಬ ಉದ್ದ ತುಟಿ ನೋಡಿ ಹೆಸರಿಟ್ಟ, ಇನ್ನೊಬ್ಬ ಉದ್ದ ಮೂತಿ ನೋಡಿ. ಕೊನೆಗೆ ಉಳಿದಿದ್ದು 'ಮೆಲರ್ಸಸ್ ಉರ್ಸಿನಸ್'. ಮೊದಲು ಕೊಟ್ಟ ಜಾತಿಸೂಚಕ ಪದವನ್ನ ಬಿಡಬಾರದು ಅನ್ನೋದು ಪ್ರಾಣಿಶಾಸ್ತ್ರದ ನಿಯಮ. ಹಾಗಾಗಿ ನಮ್ಮ ಕರಡಿಯ ಅಧಿಕೃತ ಹೆಸರಿನ ಅರ್ಥ ಇವತ್ತಿಗೂ 'ಕರಡಿಯಂಥ ಜೇನುಕರಡಿ'. ಕುಲದ ಹೆಸರು ಸರಿಹೋಯ್ತು, ಇಂಗ್ಲಿಷಿನ 'ಸ್ಲಾತ್' ಮಾತ್ರ ಹೋಗಲಿಲ್ಲ.

ಶಾ ಕಂಡ ಉಗುರು, ಹಲ್ಲು ಎರಡಕ್ಕೂ ಕಾರಣ ಒಂದೇ: ಗೆದ್ದಲು. ಉಗುರಿನಿಂದ ಹುತ್ತ ಒಡೆಯೋದು, ಉಫ್ ಅಂತ ಮಣ್ಣು ಊದೋದು, ಮೂಗಿನ ಹೊಳ್ಳೆ ಮುಚ್ಚಿಕೊಂಡು ಗೆದ್ದಲನ್ನ ಬಾಯಿಂದ ಜೋರಾಗಿ ಎಳೆದುಕೊಳ್ಳೋದು. ಮೇಲಿನ ಸಾಲಿನ ನಡುವಿನ ಎರಡು ಬಾಚಿಹಲ್ಲು ಹುಟ್ಟಾ ಇರಲ್ಲ. ಆ ಸಂದಿಯೇ ಪೈಪು. ನಮ್ಮ ವ್ಯಾಕ್ಯೂಮ್ ಕ್ಲೀನರ್ ಇದ್ದ ಹಾಗೆ. ಸದ್ದು ನೂರಾರು ಅಡಿ ದೂರಕ್ಕೆ ಕೇಳುತ್ತೆ.

ಈ ಕಸುಬು ಪಾದದ ರಚನೆಯಲ್ಲೂ ಇದೆ, ಪಾದದ ರಚನೆ ಮಣ್ಣಿನಲ್ಲಿ ಮೂಡುತ್ತೆ. ಕಾಡಿನಲ್ಲಿ ಹೆಜ್ಜೆ ಗುರುತು ಕಂಡರೆ ಮೊದಲು ಬೆರಳು ಎಣಿಸಬೇಕು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ ಅಂದ್ರೆ ಚಿರತೆಯಂಥ ಬೆಕ್ಕಿನ ಜಾತಿ. ನಾಲ್ಕು ಬೆರಳು ಮತ್ತು ಉಗುರು ಇದ್ದರೆ ನಾಯಿಯೋ ಕತ್ತೆಕಿರುಬವೋ ಇರಬಹುದು. ಐದು ಬೆರಳು, ಅಗಲವಾದ ಅಂಗಾಲು, ಬೆರಳುಗಳಿಂದ ಸಾಕಷ್ಟು ಮುಂದೆ ಐದು ಕುಳಿ ಇದ್ದರೆ ಕರಡಿ. ಹಿಂಗಾಲಿನ ಗುರುತು ಬರಿಗಾಲಲ್ಲಿ ನಡೆದ ಮನುಷ್ಯನದ್ದೇ ಅನಿಸುತ್ತೆ, ಯಾಕಂದ್ರೆ ಕರಡಿಯೂ ನಮ್ಮ ಹಾಗೆ ಹಿಮ್ಮಡಿ ಊರಿ ನಡೆಯುತ್ತೆ. ವ್ಯತ್ಯಾಸ ಏನಂದ್ರೆ, ನಮ್ಮ ದಪ್ಪ ಬೆರಳು ಪಾದದ ಒಳಬದಿಗಿದೆ. ಕರಡಿಗಳಲ್ಲಿ ಸಾಮಾನ್ಯವಾಗಿ ಒಳಬದಿಯದ್ದೇ ಚಿಕ್ಕ ಬೆರಳು.

ಆದರೆ ಯಾವ ಕರಡಿ? ಭಾರತದಲ್ಲಿ ನಾಲ್ಕು ಜಾತಿ ಇವೆ: ನಮ್ಮದು, ಹಿಮಾಲಯದ ಕಪ್ಪು ಕರಡಿ, ಎತ್ತರದ ಹಿಮಾಲಯದ ಕಂದು ಕರಡಿ, ಈಶಾನ್ಯದ ಸನ್ ಬೇರ್. ನಮ್ಮ ಕರಡಿಯ ಬೆರಳುಗಳು ಬುಡದಲ್ಲಿ ಚರ್ಮದಿಂದ ಕೂಡಿಕೊಂಡಿವೆ. ಹಾಗಾಗಿ ಬೆರಳಿನ ಗುರುತುಗಳು ಹೆಚ್ಚುಕಮ್ಮಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದೇ ಸಾಲಿನಲ್ಲಿ ಬೀಳ್ತವೆ. ಕಪ್ಪು ಕರಡಿಯದ್ದು ಕಮಾನಿನಂತೆ ಬಾಗಿದ ಸಾಲು, ಉಗುರು ಗಿಡ್ಡ, ಅದರ ಗುರುತು ಬೆರಳಿಗೆ ಹತ್ತಿರ. ಸನ್ ಬೇರ್ ಉಗುರೂ ಉದ್ದವೇ, ಆದರೆ ಪಾದ ಚಿಕ್ಕದು. ಅಮೆರಿಕದಲ್ಲೂ ಗ್ರಿಜ್ಲಿ ಮತ್ತು ಅಲ್ಲಿನ ಕಪ್ಪು ಕರಡಿಯನ್ನ ಬೇರ್ಪಡಿಸೋದು ಹೀಗೇ. ಅಗೆಯುವ ಗ್ರಿಜ್ಲಿಯ ಬೆರಳು ನೇರ, ಉಗುರು ಉದ್ದ. ಮರ ಹತ್ತುವ ಕಪ್ಪು ಕರಡಿಯ ಬೆರಳಿನ ಸಾಲು ಬಾಗಿದ್ದು, ಉಗುರು ಗಿಡ್ಡ.

ಕರ್ನಾಟಕದಲ್ಲಿ ಈ ತಲೆನೋವಿಲ್ಲ, ಇಲ್ಲಿರೋದು ಒಂದೇ ಜಾತಿ. ಆದರೂ ಹೆಸರಿನ ಗೊಂದಲ ಬಿಡಲಿಲ್ಲ. ಬೆಂಗಳೂರಿನ ಕೆನೆತ್ ಆಂಡರ್ಸನ್, ಅರಸೀಕೆರೆ ಕಡೆ ಕನಿಷ್ಠ 12 ಜನರನ್ನ ಕೊಂದಿತ್ತು ಎನ್ನಲಾದ ಕರಡಿಯೊಂದರ ಬಗ್ಗೆ 1957ರ ಪುಸ್ತಕದಲ್ಲಿ ಬರೆದಿದ್ದಾರೆ. ಅದರ ಶೀರ್ಷಿಕೆ 'ಮೈಸೂರಿನ ಕಪ್ಪು ಕರಡಿ'. ಬಣ್ಣ ಕಪ್ಪೇ, ಒಪ್ಪೋಣ. ಜಾತಿ ಮಾತ್ರ ಹಿಮಾಲಯದ ಕಪ್ಪು ಕರಡಿ ಅಲ್ಲ, ಹುತ್ತ ಅಗೆಯುವ ನಮ್ಮದೇ ಕರಡಿ. ತೇಜಸ್ವಿಯವರ ಭಾವಾನುವಾದಗಳಿಂದ ಆಂಡರ್ಸನ್‌ಗೆ ಮರುಳಾದ ನಮ್ಮಂಥವರು ಈ ಸಣ್ಣ ವ್ಯತ್ಯಾಸ ನೆನಪಿಟ್ಟುಕೊಳ್ಳೋದು ಒಳ್ಳೇದು.

ಈಗ ಉಗುರಿನ ಕಥೆಯ ಇನ್ನೊಂದು ಅಧ್ಯಾಯ. ಅದು ನಡೆದಿದ್ದು ಕಾಡಲ್ಲಲ್ಲ, ರಸ್ತೆಯಲ್ಲಿ. ಜಯನಗರ, ಬನಶಂಕರಿಯಲ್ಲಿ ಬೆಳೆದ ನಿಮ್ಮ ಅಪ್ಪ-ಅಮ್ಮನ ವಯಸ್ಸಿನವರನ್ನ ಕೇಳಿ ನೋಡಿ, ಕರಡಿ ಆಡಿಸುವವರು ಮನೆ ಮುಂದೆ ಬರ್ತಿದ್ದ ಕಥೆ ಹೇಳಬಹುದು. ಮಗುವನ್ನ ಕರಡಿ ಮೇಲೆ ಕೂರಿಸಿದ್ರೆ ಭಯ ಹೋಗುತ್ತೆ ಅಂತ ನಂಬಿಕೆ. ಕರಡಿ ಕೂದಲಿನ ತಾಯಿತಕ್ಕೂ ಬೇಡಿಕೆ ಇತ್ತು. ಆ ಕರಡಿಯನ್ನ ಮರಿಯಿದ್ದಾಗಲೇ ತಾಯಿಂದ ಕಿತ್ತು ತಂದು, ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿರ್ತಿದ್ರು. ಕೋರೆಹಲ್ಲು ಮುರಿಯೋದು, ಉಗುರು ಕತ್ತರಿಸೋದು ಇದೆಲ್ಲ 'ತರಬೇತಿ'ಯ ಭಾಗ. ಶಾನನ್ನ ದಾರಿ ತಪ್ಪಿಸಿದ ಉಗುರೇ ಇಲ್ಲ ಅಂದ ಮೇಲೆ ಅಗೆಯೋದು ಎಲ್ಲಿಂದ? ಅಂಥ ಕರಡಿಯ ಹೆಜ್ಜೆಯಲ್ಲಿ ಅದರ ಜಾತಿ ಹೇಳುವ ಗುರುತೇ ಅಳಿಸಿಹೋಗಿತ್ತು.

ಇದನ್ನ ಮಾಡ್ತಿದ್ದ ಕಲಂದರ್ ಸಮುದಾಯಕ್ಕೆ ತಲೆಮಾರುಗಳಿಂದ ಅದೊಂದೇ ಅನ್ನದ ದಾರಿ. 1972ರ ವನ್ಯಜೀವಿ ಕಾಯ್ದೆ ಬಂತು, 1998ರಲ್ಲಿ ಕರಡಿಗಳ ತರಬೇತಿ ಮತ್ತು ಪ್ರದರ್ಶನವನ್ನ ಕೇಂದ್ರ ಸರ್ಕಾರ ನಿಷೇಧಿಸಿತು. ಆದರೆ ಕೆಲಸ ಆಗಿದ್ದು ಕಾಯ್ದೆಯಿಂದಷ್ಟೇ ಅಲ್ಲ. ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿ ಒಪ್ಪಿಸಿದ ಕುಟುಂಬಗಳಿಗೆ ಬೇರೆ ಕಸುಬಿಗೆ ನೆರವು ಕೊಡ್ತು, ಮಕ್ಕಳನ್ನ ಶಾಲೆಗೆ ಸೇರಿಸ್ತು. ಹೀಗೆ ಆರುನೂರಕ್ಕೂ ಹೆಚ್ಚು ಕರಡಿಗಳು ಬಿಡುಗಡೆಯಾದವು. ದೇಶದ ಕೊನೆಯ ಕುಣಿಯುವ ಕರಡಿ ಅಂತ ಸಂಸ್ಥೆ ಘೋಷಿಸಿದ 'ರಾಜು' 2009ರ ಡಿಸೆಂಬರ್‌ನಲ್ಲಿ ಬಂದು ಸೇರಿದ್ದು ಎಲ್ಲಿಗೆ ಗೊತ್ತಾ? ನಮ್ಮ ಬನ್ನೇರುಘಟ್ಟದ ಕರಡಿ ಪುನರ್ವಸತಿ ಕೇಂದ್ರಕ್ಕೆ. ಕೋರೆಹಲ್ಲು ಕಳೆದುಕೊಂಡ, ತಾಯಿಂದ ಏನನ್ನೂ ಕಲಿಯದ ಇಂಥ ಕರಡಿಗಳು ಮತ್ತೆ ಕಾಡಲ್ಲಿ ಬದುಕಲಾರವು. ಅವು ಬೇಲಿಯೊಳಗೇ ಮುದಿಯಾಗಬೇಕು.

ಅದೇ ಬನ್ನೇರುಘಟ್ಟದಲ್ಲಿ, ಬೇಲಿಯಾಚೆ, ಕಾಡು ಕರಡಿಗಳೂ ಇವೆ. ಬಿಟಿಎಂ, ಜೆ.ಪಿ. ನಗರ ದಾಟಿ ನೇರ ದಕ್ಷಿಣಕ್ಕೆ ಹೋದರೆ ಸಿಗೋದು ಸುಮಾರು 260 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ. ಹುಲಿಗಾದರೆ ಪಟ್ಟೆ ಇದೆ. ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸುವ ಕ್ಯಾಮೆರಾ ವಿಧಾನವನ್ನ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ರೂಪಿಸಿದರು. ಮೈಯೆಲ್ಲ ಕಪ್ಪು ಕೂದಲಿನ ಕರಡಿಗೆ ಅಷ್ಟು ಸುಲಭದ ಗುರುತಿಲ್ಲ. ಹೆಜ್ಜೆ ನೋಡಿ ಎಷ್ಟು ಕರಡಿ ಅಂತ ಎಣಿಸೋಕಾಗಲ್ಲ, ನಿಜ. ಆದರೆ ಇಲ್ಲಿ ಕರಡಿ ಓಡಾಡುತ್ತಿದೆ ಅನ್ನೋದಕ್ಕೆ ಒಡೆದ ಹುತ್ತ, ಮಲ ಮತ್ತು ಕೆಸರಿನಲ್ಲಿ ಮೂಡಿದ ಆ ಐದು ಉಗುರಿನ ಕುಳಿ ಸಾಕು.

ಆ ಕೆಸರು ಎಷ್ಟು ದಿನ ಉಳಿಯುತ್ತೆ ಅನ್ನೋದೇ ಪ್ರಶ್ನೆ. ಉದ್ಯಾನದ ಸುತ್ತ ಗಣಿಗಾರಿಕೆ ಮತ್ತು ದೊಡ್ಡ ಕಟ್ಟಡಗಳಿಗೆ ಕಡಿವಾಣ ಹಾಕುವ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2018ರ ಕರಡಿನಲ್ಲಿ 168.84ಕ್ಕೆ ಇಳಿಯಿತು, 2020ರಲ್ಲಿ ಅದೇ ಅಂತಿಮವಾಯಿತು. ನೂರು ಚದರ ಕಿಲೋಮೀಟರ್ ಕಾಗದದ ಮೇಲೇ ಕರಗಿತು. ಕರಡಿಗೆ ಈ ಗಡಿಗೆರೆ ಗೊತ್ತಿಲ್ಲ, ಅದು ಹುತ್ತ ಇರುವ ಕಡೆ ಹೋಗುತ್ತೆ. ಹೋದ ಕಡೆ ಲೇಔಟ್ ಎದ್ದಿದ್ದರೆ, ಮಾರನೇ ದಿನ 'ಊರಿಗೆ ನುಗ್ಗಿದ ಕರಡಿ' ಅಂತ ಸುದ್ದಿಯಾಗುತ್ತೆ.

ಲಂಡನ್ನಿನಲ್ಲಿ ಆ ಉಗುರನ್ನ ತಪ್ಪಾಗಿ ಓದಿದರು, ನಮ್ಮ ಬೀದಿಗಳಲ್ಲಿ ಕತ್ತರಿಸಿದರು. ಕತ್ತರಿಸೋದು ನಿಂತಿದೆ. ಅದು ನಮ್ಮ ಕಣ್ಣೆದುರೇ, ನಮ್ಮದೇ ಊರಿನ ಅಂಚಿನಲ್ಲಿ ಮುಗಿದ ಕಥೆ, ಹೆಮ್ಮೆ ಪಡೋಣ. ಇನ್ನು ಉಳಿದಿರೋದು ಉಗುರಿರುವ ಕರಡಿಗೆ ಅಗೆಯೋಕೆ ನೆಲ ಉಳಿಸೋ ಕೆಲಸ. ಬನ್ನೇರುಘಟ್ಟ ರಸ್ತೆಯ ಆಫೀಸುಗಳಲ್ಲಿ ಕೂತು ಸೈಟು, ಫ್ಲ್ಯಾಟು ಹುಡುಕುವ ನಾವು, ಅದು ಯಾವ ನೆಲ ಅಂತ ಒಮ್ಮೆ ಮ್ಯಾಪ್ ತೆಗೆದು ನೋಡಿದರೂ ಅದೊಂದು ಶುರು.