ಅನಿಲವಿಲ್ಲದ ನಾಡಿನ ಬೆಚ್ಚನೆಯ ಮನೆಗಳು

ದೆಹಲಿಯ ಚಳಿ ಹೊರಗಿಗಿಂತ ಮನೆಯೊಳಗೇ ಹೆಚ್ಚು ಎಂಬುದು ದಕ್ಷಿಣದಿಂದ ಬಂದ ನಮಗೆ ಮೊದಲ ಜನವರಿಯಲ್ಲೇ ತಿಳಿದುಬಿಡುತ್ತದೆ. ಮಧ್ಯಾಹ್ನ ತಾರಸಿಯ ಮೇಲೆ ಬಿಸಿಲಿಗೆ ಮೈಯೊಡ್ಡಿ ಕುಳಿತವರು ಕೋಣೆಗೆ ಇಳಿದೊಡನೆ ಶಾಲು ಹುಡುಕುತ್ತಾರೆ. ಬೇಸಿಗೆಯನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಮನೆ ವರ್ಷದ ಐದಾರು ವಾರ ತನ್ನ ಒಡೆಯನಿಗೇ ತಿರುಗಿ ಬೀಳುತ್ತದೆ. ಆಗ ನಮ್ಮ ಮುಂದಿರುವ ಆಯ್ಕೆಗಳು ಎರಡೇ: ಕೆಂಪಗೆ ಕಾಯುವ ಕಾಯಿಲ್ ಹೀಟರ್, ಇಲ್ಲವೇ ಇದ್ದಿಲಿನ ಅಂಗೀಠಿ. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿದವರು ಬೆಳಗ್ಗೆ ಏಳಲಿಲ್ಲವೆಂಬ ಸುದ್ದಿ ಪ್ರತಿ ಚಳಿಗಾಲದಲ್ಲೂ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ನಾವೂ ಅಷ್ಟೇ ಅಭ್ಯಾಸಬಲದಿಂದ ಅದನ್ನು ಓದಿ ಪುಟ ತಿರುಗಿಸುತ್ತೇವೆ. ಕೊಳವೆಯ ಗ್ಯಾಸ್ ನಮ್ಮ ಬಡಾವಣೆಗೂ ಬಂದಿದೆ, ಆದರೆ ಅದು ಅಡುಗೆಮನೆಯ ಒಲೆಯ ತನಕ ಬಂದು ಅಲ್ಲಿಗೇ ನಿಂತಿದೆ.

ಕೊಳವೆಯ ಅನಿಲವನ್ನು ನೆಚ್ಚದೆ ಒಂದು ಇಡೀ ನಾಡು ತನ್ನ ಮನೆಗಳನ್ನು ಹೇಗೆ ಬೆಚ್ಚಗಿಟ್ಟುಕೊಂಡಿತು ಎಂದು ತಿಳಿಯಬೇಕಾದರೆ ಸ್ವೀಡನ್ನಿನ ಇತಿಹಾಸವನ್ನು ನೋಡಬೇಕು. ಇಂಗ್ಲೆಂಡಿಗೆ ಕಲ್ಲಿದ್ದಲಿತ್ತು, ಆಮೇಲೆ ಉತ್ತರ ಸಮುದ್ರದ ಅನಿಲ ಬಂತು. ಸ್ವೀಡನ್ನಿಗೆ ದಕ್ಷಿಣದ ತುದಿಯ ಅಷ್ಟಿಷ್ಟು ಗಣಿಗಳ ಹೊರತು ಕಲ್ಲಿದ್ದಲಿರಲಿಲ್ಲ, ಎಣ್ಣೆಯಂತೂ ಇಲ್ಲವೇ ಇಲ್ಲ. ಕಲ್ಲಿದ್ದಲಿನಿಂದ ತೆಗೆದ ಅನಿಲ ಗೋಥೆನ್‌ಬರ್ಗಿಗೆ 1846ರಲ್ಲಿ, ಸ್ಟಾಕ್‌ಹೋಮಿಗೆ 1853ರಲ್ಲಿ ಬಂದರೂ ಅದು ಬೀದಿದೀಪಕ್ಕೆ, ಮುಂದೆ ಅಡುಗೆಗೆ ಒದಗಿತೇ ಹೊರತು ಮನೆ ಕಾಯಿಸುವುದಕ್ಕಲ್ಲ. ನೈಸರ್ಗಿಕ ಅನಿಲ ಡೆನ್ಮಾರ್ಕಿನಿಂದ ಸಮುದ್ರದಡಿಯ ಕೊಳವೆಯಲ್ಲಿ ಮಾಲ್ಮೋ ತಲುಪಿದ್ದು 1985ರಲ್ಲಿ. ಆ ಕೊಳವೆ ಪಶ್ಚಿಮ ಕರಾವಳಿಯ ಗುಂಟ ಸಾಗಿ ಅಲ್ಲೇ ಮುಗಿಯಿತು. ಉಳಿದ ನಾಡಿನಲ್ಲಿ ಪ್ರತಿ ಮನೆಯವನೂ ಪ್ರತಿ ತಲೆಮಾರಿನಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಚಳಿಗಾಲಕ್ಕೆ ಏನು?

ಹದಿನೆಂಟನೆಯ ಶತಮಾನದಲ್ಲಿ ಉತ್ತರ ಸುಲಭವಾಗಿತ್ತು: ಸೌದೆ. ಆದರೆ ಸೌದೆಗೆ ಇನ್ನೊಬ್ಬ ಗಿರಾಕಿ ಇದ್ದ. ಆ ಕಾಲದ ಸ್ವೀಡನ್ ಯುರೋಪಿಗೆ ಕಬ್ಬಿಣ ಮಾರುತ್ತಿದ್ದ ದೊಡ್ಡ ದೇಶ. ಕಬ್ಬಿಣ ಕರಗಿಸಲು ಬೇಕಾದ ಇದ್ದಿಲೂ ಅದೇ ಕಾಡಿನಿಂದ ಬರಬೇಕು. ತೆರೆದ ಅಗ್ಗಿಷ್ಟಿಕೆಯಲ್ಲಿ ಉರಿದ ಕಟ್ಟಿಗೆಯ ಬಿಸಿಯಲ್ಲಿ ಬಹುಪಾಲು ಹೊಗೆಗೂಡಿನ ಮೂಲಕ ಆಕಾಶಕ್ಕೇ ಹೋಗುತ್ತಿತ್ತು. ಇದರ ಚಿಂತೆ ಆಳುವವರಿಗೆ ತಟ್ಟಿ, 1767ರಲ್ಲಿ ವಾಸ್ತುಶಿಲ್ಪಿ ಕಾರ್ಲ್ ಯೋಹಾನ್ ಕ್ರೂನ್‌ಸ್ಟೆಟ್ ಮತ್ತು ಫಾಬಿಯಾನ್ ವ್ರೇಡೆ ಎಂಬಿಬ್ಬರಿಗೆ ಸೌದೆ ಉಳಿಸುವ ಒಲೆಯೊಂದನ್ನು ರೂಪಿಸುವ ಕೆಲಸ ವಹಿಸಲಾಯಿತು. ಹೊಳಪಿನ ಹೆಂಚುಗಳನ್ನು ಹೊದಿಸಿದ ಒಲೆ ಆ ನಾಡಿಗೆ ಹೊಸದಲ್ಲ. ಕಾಕೆಲುಗ್ನ್ ಎಂಬ ಹೆಸರಿನಲ್ಲಿ ಅದು ಹಿಂದಿನಿಂದಲೂ ಇತ್ತು. ಇವರು ಬದಲಿಸಿದ್ದು ಹೊಗೆಯ ದಾರಿಯನ್ನು. ನೇರವಾಗಿ ಮೇಲೇರಿ ಹೋಗುತ್ತಿದ್ದ ಹೊಗೆಯನ್ನು ಇಟ್ಟಿಗೆಯ ಒಡಲೊಳಗೆ ಹತ್ತಿಸಿ, ಪಕ್ಕದ ನಾಳಗಳಲ್ಲಿ ಇಳಿಸಿ, ಮತ್ತೆ ಹತ್ತಿಸಿ, ಬಿಸಿಯನ್ನೆಲ್ಲ ಇಟ್ಟಿಗೆಗೆ ಒಪ್ಪಿಸಿದ ಮೇಲಷ್ಟೇ ಹೊರಗೆ ಬಿಟ್ಟರು. ಕ್ರೂನ್‌ಸ್ಟೆಟ್ 1775ರಲ್ಲಿ ಇದರ ವಿವರವನ್ನು ನಕ್ಷೆ ಸಮೇತ ಅಚ್ಚು ಹಾಕಿಸಿದನು.

ನಮ್ಮ ಊರಿನ ಬಚ್ಚಲೊಲೆಯನ್ನು ಬಲ್ಲವರಿಗೆ ಈ ತತ್ತ್ವವನ್ನು ವಿವರಿಸಬೇಕಾಗಿಲ್ಲ. ರಾತ್ರಿ ಉರಿ ಆರಿದ ಮೇಲೂ ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುವುದು ಕೆಂಡದಿಂದ ಮಾತ್ರವಲ್ಲ, ಹಂಡೆಯನ್ನು ಅಪ್ಪಿಕೊಂಡ ದಪ್ಪ ಮಣ್ಣಿನ ಕಟ್ಟೆಯಿಂದ. ಕಾಕೆಲುಗ್ನ್ ಅದೇ ಕಟ್ಟೆಯನ್ನು ಚಾವಣಿಯೆತ್ತರಕ್ಕೆ ಎಬ್ಬಿಸಿ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದಂತೆ. ಒಂದೆರಡು ಗಂಟೆ ಉರಿಸಿದರೆ ಸಾಕು, ಅರ್ಧ ದಿನ ಅದು ಮೆಲ್ಲಗೆ ಬಿಸಿಯನ್ನು ಹಿಂದಿರುಗಿಸುತ್ತಿತ್ತು. ಇದಕ್ಕೊಂದು ಅಪಾಯವೂ ಅಂಟಿಕೊಂಡಿತ್ತು. ಉರಿ ಮುಗಿದ ಮೇಲೆ ಬಿಸಿ ಹೊರಗೆ ಹೋಗದಂತೆ ಹೊಗೆನಾಳವನ್ನು ಕಬ್ಬಿಣದ ತಗಡಿನಿಂದ ಮುಚ್ಚಬೇಕು. ಬೇಗ ಮುಚ್ಚಿದರೆ, ಕೆಂಡ ಇನ್ನೂ ಉಸಿರಾಡುತ್ತಿರುವಾಗಲೇ ಮುಚ್ಚಿದರೆ, ಕಾರ್ಬನ್ ಮಾನಾಕ್ಸೈಡ್ ಕೋಣೆಗೆ ಇಳಿಯುತ್ತದೆ. ದೆಹಲಿಯ ಅಂಗೀಠಿಯ ಸಾವು ಮತ್ತು ಸ್ಟಾಕ್‌ಹೋಮಿನ ಹೆಂಚಿನ ಒಲೆಯ ಸಾವು ಒಂದೇ ಅನಿಲದ ಕೆಲಸ. ವ್ಯತ್ಯಾಸವಿಷ್ಟೇ, ಅವರ ಒಲೆಗೆ ಹೊಗೆನಾಳವಿತ್ತು, ತಾಳ್ಮೆಯಿದ್ದವನು ಬದುಕುತ್ತಿದ್ದ. ಅಂಗೀಠಿಗೆ ನಾಳವೇ ಇಲ್ಲ.

ಮೊದಮೊದಲು ಇದು ಶ್ರೀಮಂತರ ಬಂಗಲೆಗಳ ಅಲಂಕಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಹೆಂಚುಗಳನ್ನು ಕಾರ್ಖಾನೆಗಳಲ್ಲಿ ಅಗ್ಗವಾಗಿ ತಯಾರಿಸುವಂತಾದ ಮೇಲೆ ನಗರದ ಮಧ್ಯಮವರ್ಗದ ಮನೆಗಳಿಗೂ ಬಂತು. ಆ ಶತಮಾನ ಮುಗಿಯುವ ಹೊತ್ತಿಗೆ ಹೊಸದೊಂದು ಬಗೆ ಕಾಣಿಸಿಕೊಂಡಿತು: ನೆಲಮಾಳಿಗೆಯಲ್ಲೊಂದು ಬಾಯ್ಲರ್, ಅಲ್ಲಿಂದ ಗೋಡೆಗುಂಟ ಹರಿಯುವ ಬಿಸಿನೀರಿನ ಕೊಳವೆ, ಪ್ರತಿ ಕಿಟಕಿಯ ಕೆಳಗೊಂದು ರೇಡಿಯೇಟರ್. ಬಾಯ್ಲರಿಗೆ ಬೇಕಾದ ಕೋಕ್ ಹೊರದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಈ ನೀರಿನ ಕೊಳವೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯ ನಿಜವಾದ ನಾಯಕ ಅದೇ.

1940ರ ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕ್, ನಾರ್ವೆಗಳನ್ನು ಆಕ್ರಮಿಸಿದಾಗ ಸ್ವೀಡನ್ನಿನ ಪಶ್ಚಿಮದ ಸಮುದ್ರದಾರಿ ಮುಚ್ಚಿತು. ಆಮೇಲೆ ಕಲ್ಲಿದ್ದಲು, ಕೋಕ್ ಬಂದದ್ದು ಮುಖ್ಯವಾಗಿ ಜರ್ಮನಿಯಿಂದ. ಅದಕ್ಕೆ ಪ್ರತಿಯಾಗಿ ಸ್ವೀಡನ್ ಕೊಟ್ಟದ್ದು ಯುದ್ಧಕ್ಕೆ ಬೇಕಾದ ಕಬ್ಬಿಣದ ಅದಿರು. ತಟಸ್ಥ ದೇಶವೊಂದು ತನ್ನ ಮನೆ ಕಾಯಿಸಿಕೊಳ್ಳಲು ತೆತ್ತ ಈ ಬೆಲೆಯನ್ನು ಸ್ವೀಡನ್ನಿನ ಇತಿಹಾಸಕಾರರು ಇಂದಿಗೂ ಮುಜುಗರದಿಂದಲೇ ಚರ್ಚಿಸುತ್ತಾರೆ. ಬಂದ ಕೋಕ್ ಸಾಲದು. ವಿಧಿಯ ಕುಹಕವೋ ಎಂಬಂತೆ 1939-40ರಿಂದ 1941-42ರ ತನಕ ಮೂರು ಚಳಿಗಾಲಗಳು ಸಾಲಾಗಿ ಕಡುಚಳಿಯವು. ಸ್ಟಾಕ್‌ಹೋಮಿನ ಬಯಲುಗಳಲ್ಲಿ ಮನೆಯೆತ್ತರದ ಸೌದೆ ಒಟ್ಟಿಲುಗಳು ಎದ್ದವು. ಕೋಕ್ ನುಂಗುತ್ತಿದ್ದ ಬಾಯ್ಲರುಗಳಿಗೆ ಕಟ್ಟಿಗೆ ತುರುಕಿದರು, ಬಿಸಿನೀರಿಗೆ ಕಡಿವಾಣ ಬಿತ್ತು, ಮೋಟಾರು ಕಾರುಗಳು ಕೂಡ ಹಿಂದೊಂದು ಒಲೆ ಕಟ್ಟಿಕೊಂಡು ಕಟ್ಟಿಗೆಯ ಅನಿಲದಿಂದ ಓಡಿದವು. ಹಳೆಯ ಹೆಂಚಿನ ಒಲೆಯನ್ನು ಕೆಡವದೆ ಉಳಿಸಿಕೊಂಡಿದ್ದವರನ್ನು ಆ ವರ್ಷಗಳಲ್ಲಿ ಯಾರೂ ಹಳೆಗಾಲದವರೆಂದು ನಕ್ಕಿರಲಾರರು.

ಯುದ್ಧ ಮುಗಿದ ಮೇಲೆ ಎಣ್ಣೆ ಬಂತು. ಕೊಡಲಿಯಿಲ್ಲ, ಬೂದಿಯಿಲ್ಲ, ನಡುರಾತ್ರಿ ಎದ್ದು ಬೆಂಕಿ ಕೆದಕುವ ಕಾಟವಿಲ್ಲ. ಟ್ಯಾಂಕರ್ ಬಂದು ತೊಟ್ಟಿ ತುಂಬಿಸಿ ಹೋದರೆ ತಿಂಗಳುಗಟ್ಟಲೆ ನಿಶ್ಚಿಂತೆ. 1965ರಿಂದ 1974ರ ತನಕ ಹತ್ತು ಲಕ್ಷ ಮನೆ ಕಟ್ಟುವ ಮಹಾಯೋಜನೆಯನ್ನು ಸರ್ಕಾರ ಕೈಗೊಂಡಾಗ ಬಿಸಿಯ ಮೂಲ ಎಣ್ಣೆಯೆಂಬುದು ಚರ್ಚೆಗೇ ಬರಲಿಲ್ಲ. 1970ರ ಸುಮಾರಿಗೆ ದೇಶದ ಒಟ್ಟು ಶಕ್ತಿಯಲ್ಲಿ ಮುಕ್ಕಾಲು ಪಾಲು ಎಣ್ಣೆಯಿಂದ ಬರುತ್ತಿತ್ತು. ಎಣ್ಣೆಯ ಹೊಗೆಯ ಗಂಧಕ ಮಳೆಯನ್ನು ಆಮ್ಲವಾಗಿಸಿ ಕೆರೆಗಳ ಮೀನನ್ನು ಕೊಲ್ಲುತ್ತಿದೆ ಎಂದು ವಿಜ್ಞಾನಿ ಸ್ವಾಂಟೆ ಓಡೆನ್ 1967ರಲ್ಲೇ ಪತ್ರಿಕೆಯಲ್ಲಿ ಬರೆದಿದ್ದನು. 1972ರಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಸ್ಟಾಕ್‌ಹೋಮಿನಲ್ಲಿ ಸೇರಲು ಇಂಥ ಆತಂಕಗಳೂ ಕಾರಣ. ಬಡತನ ಮತ್ತು ಪರಿಸರದ ಸಂಬಂಧವನ್ನು ಕುರಿತು ಇಂದಿರಾ ಗಾಂಧಿಯವರು ಮಾಡಿದ ಪ್ರಸಿದ್ಧ ಭಾಷಣ ಆ ಸಮ್ಮೇಳನದ್ದೇ. ಆದರೆ ಎಣ್ಣೆಯನ್ನು ಅಲುಗಾಡಿಸಿದ್ದು ಭಾಷಣವಲ್ಲ, ಬೆಲೆ. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ಬೆನ್ನಿಗೆ ಎಣ್ಣೆ ನಾಲ್ಕು ಪಟ್ಟು ದುಬಾರಿಯಾಯಿತು. 1974ರ ಜನವರಿಯಲ್ಲಿ ಸ್ವೀಡನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಚೀಟಿ ಬಂತು.

ಇಲ್ಲಿ ಇಬ್ಬರು ಮನೆಯೊಡೆಯರನ್ನು ಊಹಿಸಿಕೊಳ್ಳೋಣ. ಮೊದಲನೆಯವನು ಐವತ್ತರ ದಶಕದಲ್ಲಿ ಮನೆ ಕಟ್ಟಿದವನು. ಯುದ್ಧಕಾಲದ ಕಟ್ಟಿಗೆಯ ನೆನಪು ಇನ್ನೂ ಹಸಿಯಾಗಿದ್ದುದರಿಂದ ಎಣ್ಣೆಯ ಜೊತೆಗೆ ಸೌದೆಯನ್ನೂ ಉರಿಸಬಲ್ಲ ಜೋಡಿ ಬಾಯ್ಲರನ್ನು ಇರಿಸಿಕೊಂಡ. ಆ ಕಾಲದ ಸ್ವೀಡನ್ನಿನ ಮನೆಗಳಲ್ಲಿ ಇಂಥವು ಸಾಮಾನ್ಯ. ಎಣ್ಣೆ ದುಬಾರಿಯಾದಾಗ ಅವನು ಕಾಡಿನ ಕಡೆ ತಿರುಗಿದ, ಮುಂದೆ ಅದೇ ನೀರಿಗೆ ವಿದ್ಯುತ್ತಿನ ಕಾಯಿಲನ್ನೂ ಇಳಿಬಿಟ್ಟ. ಕೊಳವೆಯಲ್ಲಿ ಹರಿಯುವ ನೀರಿಗೆ ತನ್ನನ್ನು ಕಾಯಿಸಿದವರು ಯಾರೆಂಬ ಭೇದವಿಲ್ಲ.

ಎರಡನೆಯವನು ಎಪ್ಪತ್ತರ ದಶಕದ ಕೊನೆಗೆ ಮನೆ ಕಟ್ಟಿದವನು. ಅಷ್ಟರಲ್ಲಿ ಅಣುವಿದ್ಯುತ್ತು ಬಂದಿತ್ತು. ಮೊದಲ ವಾಣಿಜ್ಯ ಸ್ಥಾವರ ಓಸ್ಕರ್ಶಾಮ್‌ನಲ್ಲಿ 1972ರಲ್ಲಿ ಆರಂಭವಾಗಿ, 1985ರ ಹೊತ್ತಿಗೆ ಹನ್ನೆರಡು ಸ್ಥಾವರಗಳಾದವು. ಎಣ್ಣೆಗೆ ಸೆಡ್ಡು ಹೊಡೆಯಲು ವಿದ್ಯುತ್ತೇ ದಾರಿಯೆಂದು ಸರ್ಕಾರವೂ ಕಂಪನಿಗಳೂ ಹೇಳುತ್ತಿದ್ದವು. ಗೋಡೆಗೊಂದೊಂದು ವಿದ್ಯುತ್ ಫಲಕ ಸಿಕ್ಕಿಸಿದರೆ ಮುಗಿಯಿತು. ಬಾಯ್ಲರ್ ಬೇಡ, ತೊಟ್ಟಿ ಬೇಡ, ಕೊಳವೆ ಬೇಡ, ಎಷ್ಟೋ ಮನೆಗಳಲ್ಲಿ ಹೊಗೆಗೂಡು ಕೂಡ ಬೇಡವಾಯಿತು. ಕಟ್ಟುವ ಖರ್ಚಿನಲ್ಲಿ ಇದಕ್ಕಿಂತ ಅಗ್ಗದ ಏರ್ಪಾಡು ಇನ್ನೊಂದಿರಲಿಲ್ಲ. ಲಕ್ಷಗಟ್ಟಲೆ ಮನೆಗಳು ಹೀಗೆ ಎದ್ದವು. ಅವನ ಆಯ್ಕೆಯನ್ನು ಹಳಿಯುವುದು ಈಗ ಸುಲಭ. ಅಂದಿನ ಲೆಕ್ಕದಲ್ಲಿ ಅವನು ಜಾಣನೇ.

ಆದರೆ 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡಿನ ಅಪಘಾತವಾಯಿತು. 1980ರ ಮಾರ್ಚ್ 23ರಂದು ಸ್ವೀಡನ್ ಅಣುವಿದ್ಯುತ್ತಿನ ಬಗ್ಗೆ ಜನಮತ ಕೇಳಿತು. ಆ ಜನಮತದ ತಮಾಷೆಯೆಂದರೆ, ಮುಂದಿಟ್ಟ ಮೂರು ಆಯ್ಕೆಗಳಲ್ಲಿ ಒಂದೂ ‘ಶಾಶ್ವತವಾಗಿ ಇರಲಿ’ ಎನ್ನುವಂಥದ್ದಾಗಿರಲಿಲ್ಲ. ಬೇಗ ನಿಲ್ಲಿಸುವುದೋ ನಿಧಾನವಾಗಿ ನಿಲ್ಲಿಸುವುದೋ ಎಂಬುದಷ್ಟೇ ಪ್ರಶ್ನೆ. ಎರಡನೆಯ ಆಯ್ಕೆಗೆ ಶೇಕಡಾ 39.1, ಮೂರನೆಯದಕ್ಕೆ 38.7 ಮತ ಬಿದ್ದು, 2010ರೊಳಗೆ ಎಲ್ಲವನ್ನೂ ಮುಚ್ಚುವುದೆಂದು ಸಂಸತ್ತು ತೀರ್ಮಾನಿಸಿತು. ಒಂದು ಕಡೆ ಅಣುಸ್ಥಾವರಕ್ಕೆ ಕೊನೆಯ ದಿನ ಗೊತ್ತುಮಾಡುವುದು, ಇನ್ನೊಂದು ಕಡೆ ಅದರ ವಿದ್ಯುತ್ತಿನಿಂದಲೇ ಬೆಚ್ಚಗಾಗುವ ಮನೆಗಳನ್ನು ಕಟ್ಟುತ್ತಲೇ ಹೋಗುವುದು, ಎರಡೂ ಒಟ್ಟಿಗೆ ನಡೆದವು. (2010 ಬಂದಾಗ ಆ ತೀರ್ಮಾನವನ್ನೇ ಕೈಬಿಟ್ಟರೆಂಬುದು ಬೇರೆ ಮಾತು.) ವಿದ್ಯುತ್ತಿನ ದರ ಏರಿದಾಗ ಎರಡನೆಯವನಿಗೆ ತಿರುಗಿಕೊಳ್ಳಲು ಜಾಗವಿರಲಿಲ್ಲ. ಅವನು ಬದಲಿಸಬೇಕಾದದ್ದು ಯಂತ್ರವನ್ನಲ್ಲ, ಮನೆಯನ್ನು: ಗೋಡೆ ನೆಲ ಕೊರೆದು ಕೊಳವೆ ಹಾಯಿಸಬೇಕು. 2006ರಿಂದ ಕೆಲವು ವರ್ಷ ಸರ್ಕಾರವೇ ಇದಕ್ಕೆ ಸಹಾಯಧನ ಕೊಡಬೇಕಾಯಿತು.

ಇಷ್ಟರಲ್ಲಿ ನಗರಗಳು ಬೇರೊಂದು ದಾರಿ ಹಿಡಿದಿದ್ದವು. 1948ರಲ್ಲಿ ಕಾರ್ಲ್‌ಸ್ಟಾಡ್ ಎಂಬ ಊರು ಮನೆಮನೆಯ ಬಾಯ್ಲರಿನ ಬದಲು ಊರಿಗೇ ಒಂದು ಸ್ಥಾವರ ಕಟ್ಟಿ, ನೆಲದಡಿಯ ಕೊಳವೆಗಳಲ್ಲಿ ಬಿಸಿನೀರನ್ನು ಹಂಚತೊಡಗಿತು. ಇಂದು ಸ್ವೀಡನ್ನಿನ ಅಪಾರ್ಟ್‌ಮೆಂಟುಗಳಲ್ಲಿ ಬಹುತೇಕ ಎಲ್ಲವೂ ಇಂಥ ಜಾಲಕ್ಕೆ ಸೇರಿವೆ. ಸ್ಥಾವರದಲ್ಲಿ ಎಣ್ಣೆ ಹೋಗಿ ಮರದ ಚೂರು ಬಂತು, ಊರಿನ ಕಸ ಬಂತು. ಮನೆಯವರಿಗೆ ತಿಳಿಯಲೂ ಇಲ್ಲ. ಇದು ನನಗೆ ಬಹಳ ಮೆಚ್ಚಿಕೆಯಾದ ಏರ್ಪಾಡು. ಆದರೂ ಒಂದು ಮಾತು ಹೇಳಬೇಕು. ಊರಿನಲ್ಲಿ ಬಿಸಿ ಮಾರುವವನು ಒಬ್ಬನೇ. 1996ರಲ್ಲಿ ದರದ ಮೇಲಿನ ಹಿಡಿತ ಸಡಿಲವಾದ ಮೇಲೆ, ಬೇರೆ ಅಂಗಡಿಗೆ ಹೋಗಲಾರದ ಗಿರಾಕಿಗಳ ಗೊಣಗಾಟ ಶುರುವಾಯಿತು.

ಒಂಟಿಮನೆಗಳನ್ನು ಕಾಪಾಡಿದ್ದು ಹೀಟ್ ಪಂಪ್. ಫ್ರಿಜ್ಜಿನ ಹಿಂಭಾಗಕ್ಕೆ ಕೈಯಿಟ್ಟವರಿಗೆ ಇದರ ಗುಟ್ಟು ಗೊತ್ತು: ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಚೆಲ್ಲುವುದೇ ಅದರ ಕೆಲಸ. ಅದನ್ನೇ ತಿರುಗಿಸಿ, ನೆಲದೊಳಗಿನ ಅಲ್ಪಸ್ವಲ್ಪ ಬಿಸಿಯನ್ನು ಮನೆಗೆ ಎತ್ತಿದರೆ ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಬಿಸಿ ಸಿಗುತ್ತದೆ. ಲಾರ್ಡ್ ಕೆಲ್ವಿನ್ 1852ರಲ್ಲೇ ಈ ಉಪಾಯ ಹೇಳಿದ್ದನು. ಜ್ಯೂರಿಕ್ ನಗರಭವನ 1938ರಲ್ಲಿ ಹೊಳೆಯ ನೀರಿನಿಂದ ಹೀಗೆ ಬಿಸಿ ಎತ್ತಿತು. ಸ್ವೀಡನ್ನಿನಲ್ಲಿ ಎಂಬತ್ತರ ದಶಕದ ಆರಂಭದಲ್ಲಿ ಇವಕ್ಕೆ ಭರಾಟೆ ಬಂತು, ಅರೆಬೆಂದ ಯಂತ್ರಗಳನ್ನು ಅರೆಕಲಿತವರು ಕೂರಿಸಿದರು, ಕೆಟ್ಟ ಹೆಸರೂ ಬಂತು. 1986ರಲ್ಲಿ ಎಣ್ಣೆಯ ಬೆಲೆ ಕುಸಿದಾಗ ಮಾರುಕಟ್ಟೆಯೇ ಕುಸಿಯಿತು. ಮತ್ತೆ ತಲೆಯೆತ್ತಿದ್ದು ತೊಂಬತ್ತರ ದಶಕದಲ್ಲಿ. 1991ರಲ್ಲಿ ಸ್ವೀಡನ್ ಇಂಗಾಲಕ್ಕೆ ತೆರಿಗೆ ಹಾಕಿತು, ಟನ್ನಿಗೆ 250 ಕ್ರೋನ. ಮುಂದೆ ಅದು ಸಾವಿರ ದಾಟಿತು. ಅಂಗಳದ ಕಗ್ಗಲ್ಲಿನಲ್ಲಿ ನೂರು ಇನ್ನೂರು ಮೀಟರು ಕೊಳವೆಬಾವಿ ಕೊರೆಸಿ, ಹಳೆಯ ಎಣ್ಣೆ ಬಾಯ್ಲರ್ ಇದ್ದ ಜಾಗದಲ್ಲೇ ಪಂಪ್ ಕೂರಿಸುವುದು ರೂಢಿಯಾಯಿತು. ಹಳೆಯ ರೇಡಿಯೇಟರುಗಳು ಹಾಗೆಯೇ ಉಳಿದವು. ಮನೆ ಬಿಸಿಮಾಡುವ ಎಣ್ಣೆ ಇಂದು ಆ ನಾಡಿನಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಗಿದೆ.

ಇಷ್ಟಾದರೂ ಪ್ರಶ್ನೆ ಮುಗಿದಿಲ್ಲ. 2011ರಿಂದ ಸ್ವೀಡನ್ನನ್ನು ವಿದ್ಯುತ್ ದರದ ನಾಲ್ಕು ವಲಯಗಳಾಗಿ ವಿಂಗಡಿಸಲಾಗಿದೆ. ಹೊಳೆ, ಅಣೆಕಟ್ಟುಗಳಿರುವ ಉತ್ತರದಲ್ಲಿ ಅಗ್ಗ, ಜನ ಹೆಚ್ಚಿರುವ ದಕ್ಷಿಣದಲ್ಲಿ ದುಬಾರಿ. ಉಕ್ರೇನಿನ ಯುದ್ಧ ಆರಂಭವಾದ 2022ರಲ್ಲಿ ದಕ್ಷಿಣದ ಬಿಲ್ಲುಗಳು ಹೇಗೆ ಏರಿದವೆಂದರೆ, ಸರ್ಕಾರವೇ ಮನೆಗಳಿಗೆ ಪರಿಹಾರಧನ ಹಂಚಬೇಕಾಯಿತು. ಮನೆಗೆ ಅನಿಲದ ಕೊಳವೆ ಇಲ್ಲದಿದ್ದರೂ ಅನಿಲದ ಬೆಲೆ ವಿದ್ಯುತ್ತಿನ ತಂತಿಯ ಮೂಲಕ ಬಂದೇ ಬಂತು. ಆ ವರ್ಷ ಸೌದೆಗೂ ಬೇಡಿಕೆ ಏರಿತು. ಸ್ಟಾಕ್‌ಹೋಮಿನ ಹಳೆಯ ಕಟ್ಟಡಗಳ ಮೂಲೆಗಳಲ್ಲಿ ಕ್ರೂನ್‌ಸ್ಟೆಟ್‌ನ ಹೆಂಚಿನ ಒಲೆಗಳು ಬಿಳಿ ಕಂಬಗಳಂತೆ ಇಂದಿಗೂ ನಿಂತಿವೆ. ಬಹುಕಾಲ ಉರಿಸದೆ ಬಿಟ್ಟದ್ದನ್ನು ಹಚ್ಚುವ ಮೊದಲು ಹೊಗೆಗೂಡು ಗುಡಿಸುವವನನ್ನು ಕರೆಸಬೇಕು. ಅವನು ಬಂದು ನಾಳದೊಳಗೆ ಬೆಳಕು ಬಿಟ್ಟು, ಇಟ್ಟಿಗೆ ಬಿರುಕು ಬಿಟ್ಟಿದೆಯೇ, ಮುಚ್ಚುವ ತಗಡು ಸರಿಯಾಗಿ ಜಾರುತ್ತದೆಯೇ ಎಂದು ನೋಡಿ, ಉರಿಸಬಹುದೋ ಬಾರದೋ ಎಂದು ಬರೆದುಕೊಟ್ಟು ಹೋಗುತ್ತಾನೆ.