ಸಸ್ಪೆನ್ಷನ್ (ಪಾಶ್ಚಾತ್ಯ ಸಂಗೀತ)

ಸ್ವರಮೇಳ, ಅಂದರೆ ಕಾರ್ಡ್, ಬದಲಾದ ಮೇಲೂ ಹಿಂದಿನ ಮೇಳದ ಒಂದು ಸ್ವರ ಜಾಗ ಬಿಡದೆ ನಿಂತು, ಹೊಸ ಮೇಳದೊಡನೆ ತಿಕ್ಕಾಡಿ, ಬಳಿಕ ಒಂದು ಮೆಟ್ಟಿಲು ಇಳಿದು ಅದರಲ್ಲಿ ಸೇರಿಕೊಳ್ಳುವ ಕ್ರಮ. ಇದರಲ್ಲಿ ಸಿದ್ಧತೆ, ತಡೆ, ಪರಿಹಾರ ಎಂಬ ಮೂರು ಘಟ್ಟಗಳಿವೆ.

ಶಂಕರಾಭರಣದ ಸ್ವರಗಳನ್ನೇ ಇಟ್ಟುಕೊಂಡು ನೋಡಬಹುದು. ಮೊದಲು ಮ–ದ–ಸ ಮೇಳ ನುಡಿಯುತ್ತದೆ. ಮೇಲಿನ ಕಂಠವೂ ಮಧ್ಯಮದಲ್ಲಿದೆ, ಎಲ್ಲವೂ ಹೊಂದಿಕೊಂಡಿದೆ. ಮುಂದಿನ ಪೆಟ್ಟಿಗೆ ಉಳಿದವರು ಸ–ಗ–ಪ ಮೇಳಕ್ಕೆ ಸರಿಯುತ್ತಾರೆ. ಮೇಲಿನ ಕಂಠ ಮಾತ್ರ ಮಧ್ಯಮವನ್ನು ಹಿಡಿದೇ ಇರುತ್ತದೆ. ಗಾಂಧಾರ ಬರಬೇಕಾದ ಕಡೆ ಮಧ್ಯಮ ನಿಂತು ಪಂಚಮದ ಪಕ್ಕದಲ್ಲೇ ಕೊರೆಯುತ್ತದೆ. ಕೊನೆಗೆ ಅದು ಅರ್ಧ ಸ್ವರದಷ್ಟು ಇಳಿದು ಗಾಂಧಾರ ಮುಟ್ಟಿದಾಗ ಬಿಗಿ ಸಡಿಲುತ್ತದೆ. ಷಡ್ಜ–ಮಧ್ಯಮಗಳನ್ನು ಸಂವಾದಿ ಎಂದೇ ತಿಳಿದ ನಮ್ಮ ಕಿವಿಗೆ ಇದು ವಿಚಿತ್ರವೆನಿಸಬಹುದು. ಆದರೆ ಹಲವು ಕಂಠಗಳನ್ನು ಒಟ್ಟಿಗೆ ಹೆಣೆಯುವ ಪಾಶ್ಚಾತ್ಯ ಕೌಂಟರ್‌ಪಾಯಿಂಟ್ ಶಾಸ್ತ್ರದಲ್ಲಿ ತಳದ ಸ್ವರದಿಂದ ನಾಲ್ಕನೆಯದು ವಿಸಂವಾದಿ.

ತಳದ ಸ್ವರದಿಂದ ಎಣಿಸುವ ಅಂತರದ ಮೇಲೆ ಇದನ್ನು 4–3 ಎನ್ನುತ್ತಾರೆ. 7–6, 9–8 ಇತರ ಬಗೆಗಳು. ತಳದ ಕಂಠವೇ ತಡೆದು ನಿಂತರೆ 2–3. ತಡೆ ಸಾಮಾನ್ಯವಾಗಿ ತಾಳದ ಬಲವಾದ ಪೆಟ್ಟಿನಲ್ಲೂ ಪರಿಹಾರ ದುರ್ಬಲ ಪೆಟ್ಟಿನಲ್ಲೂ ಬೀಳುತ್ತವೆ. ಮೇಲಕ್ಕೇರಿ ಪರಿಹಾರವಾದರೆ ಅದಕ್ಕೆ ರಿಟಾರ್ಡೇಷನ್ ಎಂಬ ಬೇರೆ ಹೆಸರಿದೆ.

ಈ ನಿಯಮಗಳ ಪ್ರಸಿದ್ಧ ಪಠ್ಯ ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ 'ಗ್ರಾಡುಸ್ ಆಡ್ ಪಾರ್ನಾಸ್ಸುಮ್'. ಲ್ಯಾಟಿನ್‌ನಲ್ಲಿ ಗುರುಶಿಷ್ಯರ ಸಂಭಾಷಣೆಯಾಗಿ ಸಾಗುವ ಈ ಗ್ರಂಥದಲ್ಲಿ ಗುರುವಿನ ಪಾತ್ರ 16ನೆಯ ಶತಮಾನದ ಸಂಗೀತ ರಚನೆಕಾರ ಪಾಲೆಸ್ಟ್ರೀನಾನನ್ನು ಪ್ರತಿನಿಧಿಸುತ್ತದೆ. ಐದು ಹಂತದ ಅಭ್ಯಾಸದಲ್ಲಿ ನಾಲ್ಕನೆಯದು ಪೂರ್ತಿ ಸಸ್ಪೆನ್ಷನ್‌ಗೇ ಮೀಸಲು. ಹೈಡನ್ ಈ ಪುಸ್ತಕವನ್ನು ಸ್ವಂತವಾಗಿ ಓದಿ ಕಲಿತ.

ಸಿದ್ಧತೆಯಿಲ್ಲದ ವಿಸಂವಾದ ಸಲ್ಲದೆಂಬುದು ಹಳಬರ ಪಟ್ಟು. ರಚನೆಕಾರ ಮಾಂಟೆವೆರ್ಡಿಯ 'ಕ್ರೂಡಾ ಅಮರಿಲ್ಲಿ'ಯಲ್ಲಿ ಅಂಥವು ಇವೆಯೆಂದು ಸಂಗೀತ ಶಾಸ್ತ್ರಕಾರ ಆರ್ಟೂಸಿ 1600ರಲ್ಲಿ ಖಂಡಿಸಿದ. ಮಾಂಟೆವೆರ್ಡಿ ಆ ರಚನೆಯನ್ನೇ 1605ರ ತನ್ನ ಐದನೆಯ ಮ್ಯಾಡ್ರಿಗಲ್ (ಬಹುಕಂಠ ಗೀತೆ) ಸಂಪುಟದ ಮೊದಲಿಗಿಟ್ಟ. ಮಾಂಟೆವೆರ್ಡಿಯ ಧೈರ್ಯ ದೊಡ್ಡದೇ. ಆದರೂ ಸಿದ್ಧತೆಯ ನಿಯಮದಲ್ಲಿ ಆಳವಾದ ಅರ್ಥವಿದೆ: ಈಗಷ್ಟೇ ಹಿತವಾಗಿದ್ದ ಸ್ವರವೇ ಅಲುಗಾಡದೆ ನೋವಿನ ಸ್ವರವಾಗುವುದನ್ನು ಕೇಳುಗ ಅನುಭವಿಸುತ್ತಾನೆ.

ಇದಕ್ಕೆ ಪೆರ್ಗೊಲೇಸಿಯ 'ಸ್ತಾಬಾತ್ ಮಾತೆರ್' (1736) ಕೃತಿಯ ಆರಂಭಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಶಿಲುಬೆಯ ಬುಡದಲ್ಲಿ ನಿಂತ ತಾಯಿಯ ಶೋಕ ಅದರ ವಸ್ತು. ತಳದ ವಾದ್ಯಗಳು ಸಮನಾಗಿ ಹೆಜ್ಜೆ ಹಾಕುತ್ತವೆ. ಮೇಲೆ ಒಂದು ಕಂಠ ಹಿಡಿದ ಸ್ವರಕ್ಕೆ ಇನ್ನೊಂದು ಪಕ್ಕದ ಸ್ವರದಲ್ಲಿ ಬಂದು ತಾಗುತ್ತದೆ, ಮೊದಲನೆಯದು ಕೆಳಗಿಳಿಯುತ್ತದೆ, ಮತ್ತೆ ಹೊಸ ತಾಕಲಾಟ. ಒಂದು ಬಿಗಿ ಬಿಡುವಷ್ಟರಲ್ಲಿ ಇನ್ನೊಂದು ಕಟ್ಟಿಕೊಳ್ಳುತ್ತದೆ. ಪೆರ್ಗೊಲೇಸಿ ಅದೇ ವರ್ಷ 26ರ ಪ್ರಾಯದಲ್ಲಿ ತೀರಿಕೊಂಡ. ಬಾಖ್ ಈ ಕೃತಿಯನ್ನು 51ನೆಯ ಕೀರ್ತನೆಯ ಜರ್ಮನ್ ಪಾಠಕ್ಕೆ ಹೊಂದಿಸಿಕೊಂಡ.

ಇಂದು ಗಿಟಾರ್, ಕೀಬೋರ್ಡ್ ನುಡಿಸುವವರು ಬಳಸುವ 'ಸಸ್ 4' ಕಾರ್ಡಿನ ಹೆಸರು ಸಸ್ಪೆನ್ಷನ್‌ನಿಂದಲೇ ಬಂದಿದೆ. ಪಾಪ್, ಜಾಝ್ ಸಂಗೀತದಲ್ಲಿ ಅದು ಇಳಿದು ಪರಿಹಾರ ಕಾಣಲೇಬೇಕೆಂಬ ಕಟ್ಟುಪಾಡಿಲ್ಲ.