ಸಂಜೆಯಿಲ್ಲದ ಸಬ್ಬತ್

ಕ್ರಿ.ಶ. 321ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಭಾನುವಾರದಂದು ನ್ಯಾಯಾಲಯಗಳೂ ನಗರದ ಕಸುಬುಗಳೂ ನಿಲ್ಲಬೇಕೆಂದು ಆಜ್ಞಾಪಿಸಿದನು. ಹದ ತಪ್ಪಿದರೆ ಬೆಳೆ ಕೈಬಿಡುವುದರಿಂದ ಬೇಸಾಯಗಾರರಿಗೆ ಮಾತ್ರ ವಿನಾಯಿತಿಯಿತ್ತು. ನಾವಿಂದು ಅನುಭವಿಸುವ ಭಾನುವಾರದ ರಜೆಯ ಬೇರುಗಳಲ್ಲಿ ಇದೂ ಒಂದು. ಆದರೆ ಕ್ರೈಸ್ತಧರ್ಮದಲ್ಲಿ ವಿಶ್ರಾಂತಿಯೆಂದರೆ ಕೆಲಸದ ಬಿಡುವಷ್ಟೇ ಅಲ್ಲ. ಯೆಹೂದ್ಯರ ಸಬ್ಬತ್ ದಿನವನ್ನು ನೆನೆಯುತ್ತ, ಹೊಸ ಒಡಂಬಡಿಕೆಯ ಇಬ್ರಿಯರ ಪತ್ರಿಕೆಯು ದೇವರ ವಿಶ್ರಾಂತಿಯಲ್ಲಿ ಪಾಲುಗೊಳ್ಳುವುದನ್ನು ಮುಂದಿರುವ ಭರವಸೆಯಾಗಿ ಕಂಡಿತು.

ಈ ಭರವಸೆಗೆ ಕಠಿಣ ಪರೀಕ್ಷೆ ಒದಗಿದ್ದು 410ರಲ್ಲಿ. ಗೋಥರು ರೋಮ್ ನಗರವನ್ನು ಸೂರೆಗೊಂಡಾಗ ನಿರಾಶ್ರಿತರು ಉತ್ತರ ಆಫ್ರಿಕಕ್ಕೂ ಬಂದರು. ಅಲ್ಲಿನ ಹಿಪ್ಪೊ ಪಟ್ಟಣದ ಬಿಷಪ್ ಅಗಸ್ಟೀನರು ಕೆಲವೇ ವರ್ಷಗಳಲ್ಲಿ ‘ದೇವನಗರಿ’ಯನ್ನು ಬರೆಯತೊಡಗಿದರು. ವಿಶ್ವಾಸಿಗಳು ಈ ಲೋಕದಲ್ಲಿ ಯಾತ್ರಿಕರು; ಯಾವ ಸಾಮ್ರಾಜ್ಯವೂ ಅವರ ಕಡೆಯ ನೆಲೆಯಲ್ಲ ಎಂಬುದು ಅದರ ತಿರುಳು. 22 ಭಾಗಗಳ ಆ ಗ್ರಂಥ ಕೊನೆಮುಟ್ಟುವುದು ಸಂಜೆಯೇ ಇಲ್ಲದ ಸಬ್ಬತ್ತಿನ ಚಿತ್ರದಲ್ಲಿ.

ಹಾಗೆಂದು ಅಗಸ್ಟೀನರು ಲೋಕಕ್ಕೆ ಬೆನ್ನು ತಿರುಗಿಸಲಿಲ್ಲ. ಸತ್ಯದ ಹಂಬಲ ಬಿಡುವನ್ನು ಬೇಡಿದರೂ, ಪರರ ಮೇಲಿನ ಪ್ರೀತಿ ಹೊರಿಸಿದ ಹೊಣೆಯನ್ನು ಒಪ್ಪಿಕೊಳ್ಳಬೇಕೆಂದು 19ನೆಯ ಭಾಗದಲ್ಲಿ ವಾದಿಸಿದರು. 430ರಲ್ಲಿ ಅವರು ತೀರಿಕೊಂಡಾಗ ಹಿಪ್ಪೊವನ್ನು ವಾಂಡಲರು ಮುತ್ತಿದ್ದರು. ಊರು ಉಳಿಯುವುದೆಂಬ ಖಾತ್ರಿಯಿಲ್ಲದೆಯೂ ದುಡಿಯಬಲ್ಲ ಮನಸ್ಸಿನ ನೆಮ್ಮದಿಯನ್ನೇ ಅವರು ವಿಶ್ರಾಂತಿಯ ಮುನ್ಸೂಚನೆಯೆಂದು ಬಗೆದಿರಬೇಕೆಂದು ನಮಗೆ ತೋರುತ್ತದೆ.